ಮಲ್ಲೇಶ್ವರ ಹುಟ್ಟಿದ್ದು ಯಾವಾಗ: 1669, 1889 ಅಥವಾ 1898? ಸ್ಮರಣ ಸಂಚಿಕೆಗೆ ಯಾವುದನ್ನು ಹಾಕುವುದು?

ಎಂಟನೇಕ್ರಾಸ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ರಸ್ತೆಯ ನಿವಾಸಿಗಳ ಸಂಘದ ಸ್ಮರಣ ಸಂಚಿಕೆಗೆ ಮಲ್ಲೇಶ್ವರದ ಮೂಲದ ಬಗ್ಗೆ ನಾಲ್ಕು ಪುಟದ ಲೇಖನ ಸಿದ್ಧವಾಗಬೇಕಿದೆ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಒಂದು ಕಡೆ 1669, ಇನ್ನೊಂದು ಕಡೆ 1889, ಮತ್ತೊಂದು ಕಡೆ 1898 ಅಂತ ಇದೆ. ವಾಟ್ಸಾಪಿನಲ್ಲಿ ಓಡಾಡುವ ಸಂದೇಶದ ಪ್ರಕಾರವಂತೂ ಕಾಡು ಮಲ್ಲೇಶ್ವರನ ಗುಡಿಯ ಎದುರಿನ ನಂದಿತೀರ್ಥಕ್ಕೆ ಏಳು ಸಾವಿರ ವರ್ಷ! ತಿಳಿದವರು ಈ ಕೆಳಗಿನವನ್ನು ಬಿಡಿಸಿ ಹೇಳಿದರೆ ಉಪಕಾರ.

ಬಡಾವಣೆ ಆಗುವ ಮೊದಲು ಇಲ್ಲಿ ಯಾವ ಹಳ್ಳಿ ಇತ್ತು? "ಪ್ಲೇಗ್ ಬಂತು, ಅದಕ್ಕೇ ಮಲ್ಲೇಶ್ವರ ಕಟ್ಟಿದರು" ಎನ್ನುವುದು ಎಷ್ಟು ಸರಿ? ಮನೆಗಳ ಹಿಂದೆ ಇರುವ ಕನ್ಸರ್ವೆನ್ಸಿ ಗಲ್ಲಿಗಳು ಮೊದಲಿನಿಂದ ಇದ್ದವಾ, ಆಮೇಲೆ ಬಿಟ್ಟಿದ್ದಾ?

ಇನ್ನೊಂದು ವಿಷಯ. ಸದಸ್ಯರೊಬ್ಬರ ಹತ್ತಿರ ಹಳೇ ಸರ್ವೆ ನಕಾಶೆಯೊಂದರ ಫೋಟೋ ಇದೆ. ಅದರಲ್ಲಿ ರೈಲು ದಾರಿ ಇದೆ, ಸ್ಯಾಂಕಿ ಕೆರೆ ಇದೆ, ಆದರೆ ಕ್ರಾಸ್ ರಸ್ತೆ ಒಂದೂ ಇಲ್ಲ. ಟಾಟಾ ಇನ್‌ಸ್ಟಿಟ್ಯೂಟೂ (ಭಾರತೀಯ ವಿಜ್ಞಾನ ಸಂಸ್ಥೆ) ಇಲ್ಲ. ತಾರೀಖಿನ ಜಾಗ ಹರಿದು ಹೋಗಿದೆ. ಇದು ಯಾವ ಕಾಲದ್ದು ಅಂತ ಹೇಳಬಹುದಾ? ಇದನ್ನು ಈಗಿನ ನಕ್ಷೆಯ ಮೇಲೆ ಕೂರಿಸುವುದು ಹೇಗೆ?

---

ಕಲ್ಬರಹ ಉತ್ತರಿಸಿದ್ದು:

ಮೊದಲು 1669ರದ್ದು ಮುಗಿಸೋಣ, ಯಾಕೆಂದರೆ ಮೂರರಲ್ಲಿ ಕಲ್ಲಿನ ಆಧಾರ ಇರುವುದು ಅದೊಂದಕ್ಕೇ.

ಕಾಡು ಮಲ್ಲೇಶ್ವರನ ಗುಡಿಯ ಹತ್ತಿರದ ಬಂಡೆಯ ಶಾಸನ ಆ ವರ್ಷದ್ದು. ಶಿವಾಜಿಯ ಮಲತಮ್ಮ ಏಕೋಜಿ (ವೆಂಕೋಜಿ) ಮಲ್ಲಪುರದ ಮಲ್ಲಿಕಾರ್ಜುನ ದೇವರಿಗೆ ಮೇದರನಿಂಗನಹಳ್ಳಿ ಎಂಬ ಗ್ರಾಮವನ್ನು ದತ್ತಿ ಬಿಟ್ಟದ್ದನ್ನು ಅದು ಹೇಳುತ್ತದೆ. ಬೆಂಗಳೂರು 1638ರಲ್ಲಿ ಬಿಜಾಪುರದ ಕೈಗೆ ಹೋಗಿ, ಷಹಾಜಿಗೆ ಜಹಗೀರಾಗಿ ಬಂದಿತ್ತು. ಏಕೋಜಿ ಅವನ ಮಗ. ಕೆಲವೇ ವರ್ಷಗಳಲ್ಲಿ ಈತ ತಂಜಾವೂರಿಗೆ ಹೋಗಿ ಅಲ್ಲಿ ರಾಜನಾದ.

ಇಲ್ಲಿ ಎರಡು ಹೆಸರನ್ನು ಬಹಳ ಜನ ಕಲಸುತ್ತಾರೆ. ದೇವರು ಇರುವ ಊರು ಮಲ್ಲಪುರ. ದಾನ ಕೊಟ್ಟ ಊರು ಮೇದರನಿಂಗನಹಳ್ಳಿ. "ಮಲ್ಲೇಶ್ವರದ ಹಳೇ ಹೆಸರು ಮೇದರನಿಂಗನಹಳ್ಳಿ" ಅಂತ ಬರೆದರೆ ತಪ್ಪು. ದೇವಸ್ಥಾನಕ್ಕೆ ಬಿಟ್ಟ ಗ್ರಾಮ ದೇವಸ್ಥಾನದ ಊರೇ ಆಗಿರಬೇಕಿಲ್ಲ. ಅದರ ಹುಟ್ಟುವಳಿ ಗುಡಿಗೆ ಬಂದರೆ ಆಯಿತು. ಆ ಹಳ್ಳಿ ಈಗ ಇಲ್ಲ. ಈಗಿನ ಟಾಟಾ ಇನ್‌ಸ್ಟಿಟ್ಯೂಟಿನ ಸುತ್ತಮುತ್ತ ಇತ್ತೆಂದು ಇತಿಹಾಸಕಾರರು ಗುರುತಿಸುತ್ತಾರೆ.

ಶಾಸನದ ಪಾಠವನ್ನು ನೀವೇ ನೋಡಬೇಕು, ಬೇರೆಯವರ ಲೇಖನದಿಂದ ಎತ್ತಬೇಡಿ. ಎಪಿಗ್ರಾಫಿಯಾ ಕರ್ನಾಟಿಕಾದ 9ನೇ ಸಂಪುಟ (1905) ಬೆಂಗಳೂರು ಜಿಲ್ಲೆಯದು. ತಾಲ್ಲೂಕುವಾರು ವಿಂಗಡಿಸಿ ನಂಬರ್ ಕೊಟ್ಟಿದ್ದಾರೆ, ಕನ್ನಡ ಲಿಪಿಯ ಪಾಠವೂ ಇಂಗ್ಲಿಷ್ ಅನುವಾದವೂ ಬೇರೆ ಬೇರೆ ಭಾಗದಲ್ಲಿವೆ. ನಂಬರ್ ಹಿಡಿದು ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿ. ಅನುವಾದ ಮಾತ್ರ ಓದಿದರೆ ಊರ ಹೆಸರಿನ ಕಾಗುಣಿತ ಕೈಕೊಡುತ್ತದೆ. ಇಂಗ್ಲಿಷಿನಲ್ಲಿ ಳ-ಲ, ಣ-ನ ವ್ಯತ್ಯಾಸ ಗುರುತಿಸಲು ಅಕ್ಷರದ ಅಡಿಯ ಚುಕ್ಕೆಯೊಂದೇ ಗತಿ. ಸ್ಕ್ಯಾನ್ ಪ್ರತಿಯಲ್ಲಿ ಆ ಚುಕ್ಕೆ ಹಾರಿ ಹೋಗಿರುತ್ತದೆ.

ವರ್ಷ ತೆಗೆಯುವಾಗ ಶಕ ವರ್ಷಕ್ಕೆ 78 ಸೇರಿಸಿ. ತಿಥಿ ಪುಷ್ಯ, ಮಾಘ, ಫಾಲ್ಗುಣದಲ್ಲಿದ್ದರೆ ಮಾತ್ರ ಎಚ್ಚರ: ಅಷ್ಟರಲ್ಲಿ ಇಂಗ್ಲಿಷ್ ಹೊಸ ವರ್ಷ ಬಂದಿರಬಹುದು, ಆಗ 79. ಜತೆಗೆ ಸಂವತ್ಸರದ ಹೆಸರಿನಿಂದ ತಾಳೆ ನೋಡಿ. ಶಕ 1591 ಅಂದರೆ ಸೌಮ್ಯ ಸಂವತ್ಸರ, 1669ರ ಯುಗಾದಿಯಿಂದ 1670ರ ಯುಗಾದಿಯವರೆಗೆ. ಎರಡೂ ಹೊಂದದಿದ್ದರೆ ಶಾಸನ ಕೊರೆದವರು ಗತವರ್ಷ (ಮುಗಿದ ವರ್ಷ) ಲೆಕ್ಕ ಹಿಡಿದಿದ್ದಾರಾ, ವರ್ತಮಾನ ವರ್ಷ (ನಡೆಯುತ್ತಿರುವ ವರ್ಷ) ಹಿಡಿದಿದ್ದಾರಾ ಅಂತ ನೋಡಬೇಕು. ಒಂದು ವರ್ಷದ ಹೆಚ್ಚುಕಮ್ಮಿ ಬರುವುದು ಸಾಮಾನ್ಯವಾಗಿ ಇದರಿಂದಲೇ.

ನಂದಿತೀರ್ಥದ ಏಳು ಸಾವಿರ ವರ್ಷದ ಮಾತು ಬಿಟ್ಟುಬಿಡಿ. ಕಲ್ಯಾಣಿ ಮಣ್ಣಿನಡಿ ಮುಚ್ಚಿಹೋಗಿತ್ತು, 1997ರಲ್ಲಿ ಅಗೆದಾಗ ಹೊರಗೆ ಬಂತು. ಹೊಸದಾಗಿ ಸಿಕ್ಕಿದ್ದೆಲ್ಲ ಅತಿ ಹಳೆಯದು ಅಂದುಕೊಳ್ಳುವ ಚಟ ನಮಗಿದೆ. ಏಳು ಸಾವಿರ ವರ್ಷದ ಹಿಂದೆ ಈ ಸೀಮೆಯಲ್ಲಿ ಕಬ್ಬಿಣದ ಉಳಿಯೇ ಇರಲಿಲ್ಲ, ಗ್ರಾನೈಟ್ ನಂದಿಯನ್ನು ಯಾವುದರಲ್ಲಿ ಕೆತ್ತುವುದು?

ಅಂದಹಾಗೆ ಸಂಚಿಕೆಯಲ್ಲಿ "ಮಲ್ಲೇಶ್ವರ" ಅಂತಲೇ ಬರೆಯಿರಿ. ಕೊನೆಯ "ಂ" ಇಂಗ್ಲಿಷ್ ಕಾಗುಣಿತದಿಂದ ಬೋರ್ಡಿಗೆ ಇಳಿದದ್ದು.

---

ನೀರು_ದಾರಿ ಉತ್ತರಿಸಿದ್ದು:

ಪ್ಲೇಗಿನ ಪ್ರಶ್ನೆಗೆ ನನ್ನ ಉತ್ತರ: ಅದು ಕಾರಣ ಹೌದು, ಆದರೆ ಅದೊಂದೇ ಅಲ್ಲ. ಪ್ಲೇಗ್ ಬರುವ ಮೊದಲೇ ಪೇಟೆಯ ಗೋಡೆ ದಾಟಿ ಹೊರಗೆ ಬಡಾವಣೆ ಹಾಕುವ ಕೆಲಸ ಶುರುವಾಗಿತ್ತು. ಚಾಮರಾಜಪೇಟೆ ಮತ್ತು ಶೇಷಾದ್ರಿಪುರ 1892ರವು. ನೇರ ಮೈನು, ಅದಕ್ಕೆ ಅಡ್ಡ ಕ್ರಾಸು ಎಂಬ ಅಚ್ಚು ಚಾಮರಾಜಪೇಟೆಯಲ್ಲೇ ಸಿದ್ಧವಾಗಿತ್ತು. ಮಲ್ಲೇಶ್ವರ, ಬಸವನಗುಡಿಗೆ ಹೊಸದಾಗಿ ತಲೆ ಕೆಡಿಸಿಕೊಳ್ಳುವ ಅಗತ್ಯ ಬೀಳಲಿಲ್ಲ.

ಪ್ಲೇಗ್ ಬಂದದ್ದು 1898ರ ಆಗಸ್ಟಿನಲ್ಲಿ, ಹುಬ್ಬಳ್ಳಿ ಕಡೆಯಿಂದ ರೈಲಿನಲ್ಲಿ. ಮುಂಬಯಿಯಲ್ಲಿ ಅದು 1896ರಲ್ಲೇ ಕಾಣಿಸಿಕೊಂಡಿತ್ತು. ಸಂಸ್ಥಾನದಲ್ಲಿ ಪ್ಲೇಗ್ ಕಮಿಷನರ್ ಆಗಿದ್ದವರು ವಿ.ಪಿ. ಮಾಧವರಾವ್, ಮುಂದೆ 1906ರಲ್ಲಿ ದಿವಾನರಾದವರು. 1898ರಲ್ಲಿ ದಿವಾನರು ಕೆ. ಶೇಷಾದ್ರಿ ಅಯ್ಯರ್. ಏಟು ಎಷ್ಟು ಬಿತ್ತು ಎನ್ನುವುದಕ್ಕೆ ಜನಗಣತಿ ನೋಡಿ: ಪೇಟೆ, ದಂಡು (ಕಂಟೋನ್ಮೆಂಟ್) ಎರಡೂ ಸೇರಿ 1891ರಲ್ಲಿ 1,80,366 ಜನ. 1901ರಲ್ಲಿ 1,59,046. ಈ ಇಳಿಕೆಯನ್ನೆಲ್ಲ ಸಾವು ಅಂತ ಬರೆಯಬೇಡಿ. ಊರು ಬಿಟ್ಟು ಹೋದವರೂ ಇದರಲ್ಲಿ ಸೇರಿದ್ದಾರೆ. ಸ್ಮರಣ ಸಂಚಿಕೆಗಳಲ್ಲಿ ಈ ತಪ್ಪು ಪದೇ ಪದೇ ಕಾಣುತ್ತದೆ.

ಜನ ಮರೆಯುವುದು ನೀರನ್ನು. ಬಡಾವಣೆ ಹಾಕುವುದು ಅಂದರೆ ಗೂಟ ಹೊಡೆದು ದಾರ ಕಟ್ಟುವುದಲ್ಲ. ಹಳೇ ಪೇಟೆಯ ನೀರು ಧರ್ಮಾಂಬುಧಿ ಮೊದಲಾದ ಕೆರೆ, ಕಲ್ಯಾಣಿ, ಬಾವಿಗಳದ್ದು. 1882ರಲ್ಲಿ ಸ್ಯಾಂಕಿ ಕೆರೆ ಕಟ್ಟಿ ಮಿಲ್ಲರ್ಸ್ ಕೆರೆ, ಧರ್ಮಾಂಬುಧಿಯ ಜತೆ ಜೋಡಿಸಿದ್ದೂ ನೀರಿನ ಬರಕ್ಕೇ. ಅದೂ ಸಾಲದೆ ಅರ್ಕಾವತಿಗೆ ಹೆಸರಘಟ್ಟದಲ್ಲಿ ಕಟ್ಟೆ ಹಾಕಿ, 1896ರಲ್ಲಿ ನಲ್ಲಿ ನೀರು ತಂದರು. ಹೆಸರಘಟ್ಟದಿಂದ ಸೋಲದೇವನಹಳ್ಳಿಗೆ ಇಟ್ಟಿಗೆ ಕಾಲುವೆಯಲ್ಲಿ ತಾನಾಗಿ ಹರಿದು, ಅಲ್ಲಿಂದ ಉಗಿಯಂತ್ರದ ಪಂಪಿನಲ್ಲಿ ಮೇಲೇರಿ, ಮಲ್ಲೇಶ್ವರದ ಉತ್ತರದ ದಿಬ್ಬಕ್ಕೆ ಬರುವುದು. ಈಗಲೂ ನಾವು ಜ್ಯುವೆಲ್ ಫಿಲ್ಟರ್ ಅನ್ನುವ ಜಾಗ ಅದೇ. ಅಲ್ಲಿಂದ ತಗ್ಗಿನ ಪೇಟೆಗೆ ನೀರು ಇಳಿಜಾರಿನಲ್ಲೇ ಹೋಗುತ್ತದೆ.

ನಕ್ಷೆಯಲ್ಲಿ ದಿಬ್ಬಕ್ಕೂ ಪೇಟೆಗೂ ನಡುವೆ ಒಂದು ಗೆರೆ ಎಳೆದು ನೋಡಿ. ಆ ಗೆರೆಯ ಮೇಲೇ ಮಲ್ಲೇಶ್ವರ ಕೂತಿದೆ. ಪಕ್ಕದಲ್ಲೇ 1884ರಲ್ಲಿ ತೆರೆದ ತುಮಕೂರು ರೈಲು ದಾರಿ. ಎತ್ತರದ ನೆಲ, ಮಳೆ ನೀರು ನಿಲ್ಲುವುದಿಲ್ಲ. ಪ್ಲೇಗ್ ಬಂದಾಗ ಜನರನ್ನು ಕಳಿಸಲು ಜಾಗ ಹುಡುಕಿದವರಿಗೆ ಇದಕ್ಕಿಂತ ಅನುಕೂಲದ ಜಾಗ ಉತ್ತರದಲ್ಲಿ ಇರಲಿಲ್ಲ. ಎರಡು ವರ್ಷ ಮುಂಚೆ ನೀರು ಬಂದಿರದಿದ್ದರೆ ಪ್ಲೇಗ್ ಬಂದರೂ ಈ ಗಾತ್ರದ ಬಡಾವಣೆ ಇಲ್ಲಿ ನಿಲ್ಲುತ್ತಿರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಇನ್ನು ಗಲ್ಲಿಗಳು. ಅವು ಮೊದಲ ನಕ್ಷೆಯ ಭಾಗ, ಆಮೇಲೆ ಉಳಿದ ಚೂರಲ್ಲ. ಆಗ ಒಳಚರಂಡಿ ಇರಲಿಲ್ಲ. ನಿವೇಶನದ ಹಿಂತುದಿಯಲ್ಲಿ ಒಣ ಕಕ್ಕಸು, ಅದಕ್ಕೆ ಗಲ್ಲಿಯ ಕಡೆಗೆ ಗಿಡ್ಡ ಬಾಗಿಲು. ಮಲ ಹೊತ್ತು ಸಾಗಿಸುವ ಕಾರ್ಮಿಕರು ಮುಂದಿನ ರಸ್ತೆಗೆ ಬರದೆ ಹಿಂದಿನಿಂದಲೇ ಬಂದು ಹೋಗಬೇಕು ಎನ್ನುವುದು ಉದ್ದೇಶ. ನೈರ್ಮಲ್ಯದ ಹೆಸರಿನಲ್ಲಿ ಜಾತಿಯ ಗೆರೆಯನ್ನೂ ಎಳೆದದ್ದು ಹಾಗೆ. 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ ರಾಜ್ಯದಲ್ಲಿ ಮಲ ಹೊರುವ ಪದ್ಧತಿ ನಿಷೇಧವಾಯಿತು. ಒಳಚರಂಡಿಯೂ ಬಂದ ಮೇಲೆ ಗಲ್ಲಿಗಳಿಗೆ ಕೆಲಸವಿಲ್ಲದಾಯಿತು. ಒತ್ತುವರಿ ಶುರುವಾಗುವುದು ಆಮೇಲೆ. ಹಳೇ ಮನೆ ಉಳಿದಿರುವ ಕಡೆ ಹಿಂಗೋಡೆಯ ಬುಡ ನೋಡಿ: ಸುಮಾರು ಮೊಣಕಾಲೆತ್ತರದಲ್ಲಿ ಇಟ್ಟಿಗೆ ಬೇರೆ ಬಣ್ಣದ್ದು, ಗಾರೆಯ ಬದಲು ಸಿಮೆಂಟು, ಚೌಕಟ್ಟಿನ ಕಲ್ಲು ಮಾತ್ರ ಹಳೆಯದು. ಮುಚ್ಚಿದ ಕಕ್ಕಸಿನ ಬಾಗಿಲು ಅದು.

ಒಂದು ಸೂಕ್ಷ್ಮ. ಪ್ಲೇಗ್ ಹರಡುವುದು ಇಲಿಯ ಚಿಗಟದಿಂದ ಎಂದು ಪಾಲ್ ಲೂಯಿ ಸಿಮೋಂ ಕರಾಚಿಯಲ್ಲಿ ಕಂಡುಕೊಂಡದ್ದು ಅದೇ 1898ರಲ್ಲಿ, ಅದನ್ನು ಎಲ್ಲರೂ ಒಪ್ಪಲು ಇನ್ನಷ್ಟು ವರ್ಷ ಹಿಡಿಯಿತು. ಹಾಗಾಗಿ ಮಲ್ಲೇಶ್ವರದ ನಕ್ಷೆ ಇಲಿಯನ್ನು ತಡೆಯಲು ಬರೆದದ್ದಲ್ಲ. ಗಾಳಿ, ಬೆಳಕು, ಮನೆಗಳ ನಡುವೆ ಅಂತರ, ನೀರು ಹರಿದು ಹೋಗುವ ಚರಂಡಿ: ಇಷ್ಟೇ ಆಗಿನ ಚಿಂತನೆ. ಅಗಲ ರಸ್ತೆ, ಸಾಲುಮರ (ಸಂಪಿಗೆ ರಸ್ತೆ, ಮಾರ್ಗೋಸಾ ಅಂದರೆ ಬೇವಿನ ರಸ್ತೆ) ಬಂದದ್ದು ಅದರಿಂದ. ಇಲಿ ನುಗ್ಗದ ಮನೆ ಬೇಕು ಎನ್ನುವ ಯೋಜನೆ ನೋಡಬೇಕಿದ್ದರೆ ಕೆಲವು ವರ್ಷ ಆಮೇಲೆ ಹುಟ್ಟಿದ ಫ್ರೇಜರ್ ಟೌನಿಗೆ ಹೋಗಿ.

---

ಹಿಸ್ಸಾ_ಪೋಡಿ ಉತ್ತರಿಸಿದ್ದು:

ನಕಾಶೆ ವಿಷಯ ನಾನು ಹೇಳುತ್ತೇನೆ.

ತಾರೀಖು ಹರಿದಿದ್ದರೂ ಚಿಂತೆಯಿಲ್ಲ, ನಕಾಶೆಯಲ್ಲಿ ಏನಿದೆ ಏನಿಲ್ಲ ಎನ್ನುವುದೇ ತಾರೀಖು. ಸ್ಯಾಂಕಿ ಕೆರೆ ಇದೆ, ಅಂದರೆ 1882ರ ನಂತರ. ರೈಲು ಇದೆ, 1884ರ ಆಸುಪಾಸು ಅಥವಾ ನಂತರ. ಇನ್‌ಸ್ಟಿಟ್ಯೂಟಿಗೆ ಸಂಸ್ಥಾನ 371 ಎಕರೆ ಕೊಟ್ಟದ್ದು 1907ರಲ್ಲಿ, ಅದು ಇಲ್ಲ. ಕ್ರಾಸುಗಳೂ ಇಲ್ಲ. ಹಾಗಾದರೆ 1884ರಿಂದ 1898ರ ಒಳಗಿನ ಸ್ಥಿತಿ ತೋರಿಸುವ ಹಾಳೆ.

ಆದರೆ ಇದು ನೆಲದ ಸ್ಥಿತಿಯ ತಾರೀಖು, ಅಚ್ಚಾದ ತಾರೀಖು ಅಲ್ಲ. ಮೈಸೂರಿನಲ್ಲಿ ಕಂದಾಯ ಸರ್ವೆ ಶುರುವಾದದ್ದು 1863ರಲ್ಲಿ. ಮೂಲ ನಕಾಶೆಯ ಮೇಲೆ ರೈಲಿಗೆ ಹೋದ ಜಮೀನನ್ನು ಮಾತ್ರ ತಿದ್ದಿ, ಉಳಿದದ್ದನ್ನು ಹಾಗೇ ಬಿಟ್ಟು ಮರುಮುದ್ರಣ ಮಾಡುವುದಿತ್ತು. ರೈಲಿನ ಗೆರೆ ಸರ್ವೆ ನಂಬರಿನ ಗೆರೆಗಳನ್ನು ಕತ್ತರಿಸಿಕೊಂಡು ಹೋಗಿ, ಎರಡೂ ಕಡೆ ಅದೇ ನಂಬರ್ ಇದ್ದರೆ ಆಮೇಲೆ ಸೇರಿಸಿದ್ದು ಅಂತ ಅರ್ಥ.

ಮೊದಲು ಅದು ಯಾವ ಜಾತಿಯ ನಕಾಶೆ ನೋಡಿ. ಸರ್ವೆ ನಂಬರ್ ಇದ್ದರೆ ಗ್ರಾಮ ನಕಾಶೆ, ಸಾಮಾನ್ಯವಾಗಿ 1:7920. ಅಂದರೆ ಒಂದು ಇಂಚಿಗೆ 660 ಅಡಿ. ನಮ್ಮ ಸರ್ವೆಯ ಚೈನು 33 ಅಡಿಯದು, ಅದರಲ್ಲಿ 16 ಆಣೆ. ಒಂದು ಚದರ ಚೈನು (33 × 33 = 1089 ಚದರಡಿ) ಒಂದು ಗುಂಟೆ, 40 ಗುಂಟೆ ಒಂದು ಎಕರೆ. ನಕಾಶೆಯ ಒಂದು ಇಂಚು ಅಂದರೆ ಸರಿಯಾಗಿ 20 ಚೈನು. ಈ ಲೆಕ್ಕ ಕೈಯಲ್ಲಿದ್ದರೆ ಸ್ಕೇಲಿನ ಜಾಗ ಹರಿದಿದ್ದರೂ ಆಕಾರಬಂದಿನಲ್ಲಿ (ಸರ್ವೆ ನಂಬರುವಾರು ವಿಸ್ತೀರ್ಣದ ದಾಖಲೆ) ಕೊಟ್ಟ ವಿಸ್ತೀರ್ಣದಿಂದ ಸ್ಕೇಲು ತೆಗೆಯಬಹುದು. ಅಕ್ಷಾಂಶ-ರೇಖಾಂಶ ಇದ್ದರೆ ಅದು ಸರ್ವೆ ಆಫ್ ಇಂಡಿಯಾದ ಹಾಳೆ, ಅದರ ಕತೆ ಬೇರೆ.

ಫೋಟೋ ಬೇಡ, ಸ್ಕ್ಯಾನ್ ಮಾಡಿಸಿ. 300 ಡಿಪಿಐ ಸಾಕು, ಆಗ ಒಂದು ಪಿಕ್ಸೆಲ್ ನೆಲದ ಮೇಲೆ ಸುಮಾರು 0.67 ಮೀಟರ್. ಬಟ್ಟೆ ಅಂಟಿಸಿದ ಹಾಳೆಯನ್ನು ರೋಲರ್ ಇರುವ ಸ್ಕ್ಯಾನರಿಗೆ ಹಾಕಬೇಡಿ, ಎಳೆದು ಹರಿಯುತ್ತದೆ. ಗಾಜಿನ ಮೇಲೆ ಮಲಗಿಸುವ ದೊಡ್ಡ ಸ್ಕ್ಯಾನರೇ ಬೇಕು.

ಆಮೇಲೆ ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದ ಜಿಯೋರೆಫರೆನ್ಸರಿನಲ್ಲಿ ತೆರೆದು, ಹಳೇ ನಕಾಶೆಯಲ್ಲೂ ಈಗಿನ ನಕ್ಷೆಯಲ್ಲೂ ಇರುವ ಎಂಟರಿಂದ ಹತ್ತು ಬಿಂದು ಕೊಡಿ. ಯಾವ ಬಿಂದು ಎನ್ನುವುದರ ಮೇಲೆ ಎಲ್ಲ ನಿಂತಿದೆ. ಕಾಡು ಮಲ್ಲೇಶ್ವರನ ಗರ್ಭಗುಡಿ ಒಳ್ಳೆಯದು, ಅದು ಸರಿದಿಲ್ಲ. ಸ್ಯಾಂಕಿ ಏರಿಯ ಎರಡು ತುದಿ ಒಳ್ಳೆಯದು. ಆದರೆ ನೀರಿನ ಅಂಚು ಕೊಡಬೇಡಿ, ಅದು ಮಳೆ ಬಂದಾಗಲೆಲ್ಲ ಬದಲಾಗುತ್ತದೆ. ರೈಲು ದಾರಿ ತಿರುವು ತೆಗೆದುಕೊಳ್ಳುವ ಜಾಗ ಪರವಾಗಿಲ್ಲ, ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಆಗಿದೆ, ಜೋಡಿ ಹಳಿಯಾಗಿದೆ, ಕೆಲವು ಮೀಟರ್ ವ್ಯತ್ಯಾಸ ಇರುತ್ತದೆ. ಎಲ್ಲಕ್ಕಿಂತ ಗಟ್ಟಿಯಾದದ್ದು ಮೂರು ಗ್ರಾಮದ ಗಡಿ ಕೂಡುವ ಕಲ್ಲು. ಪಕ್ಕದ ಗ್ರಾಮಗಳ ನಕಾಶೆಗಳು ಭೂದಾಖಲೆ ಇಲಾಖೆಯ ವೆಬ್‌ಸೈಟಿನಲ್ಲಿ ಪಿಡಿಎಫ್ ಸಿಗುತ್ತವೆ, ಬೆಂಗಳೂರು ಉತ್ತರ ತಾಲ್ಲೂಕಿನಲ್ಲಿ ಹುಡುಕಿ. ಅಕ್ಕಪಕ್ಕದವು ನಾಲ್ಕು ಇಳಿಸಿಕೊಂಡು ಒಂದರ ಅಂಚಿಗೆ ಒಂದು ಹೊಂದಿಸಿದರೆ ನಡುವೆ ಖಾಲಿ ಉಳಿಯುವ ಆಕಾರವೇ ನಿಮ್ಮ ಹಳೇ ಗ್ರಾಮ.

ನಿಂತ ಜಾಗದ ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್ ನೋಡಬಹುದು, ಆದರೆ ನೂರು ವರ್ಷ ದಾಟಿದ ಎಕ್ಸ್‌ಟೆನ್ಷನ್‌ಗಳಲ್ಲಿ ಅದು ತೋರಿಸಿದ್ದನ್ನೇ ಕೊನೆ ಮಾತು ಅಂದುಕೊಳ್ಳಬೇಡಿ.

ಹೆಸರುಗಳ ಬಾಲವನ್ನೂ ಗಮನಿಸಿ. ವೈಯಾಲಿಕಾವಲ್ ಅಂದರೆ ಊರಲ್ಲ, ಕಾವಲು: ಸರ್ಕಾರ ಕಾಯ್ದಿಟ್ಟ ಹುಲ್ಲುಗಾವಲು. ವೈಯಾಳಿ ಅಂದರೆ ಕುದುರೆ ಸವಾರಿ. ಅಂಥ ಜಾಗದಲ್ಲಿ ಗ್ರಾಮಠಾಣ (ಊರಿನ ಮನೆಗಳಿದ್ದ ಜಾಗ) ಹುಡುಕಿದರೆ ಸಿಗುವುದಿಲ್ಲ. ಗುಟ್ಟಹಳ್ಳಿ, ಮತ್ತಿಕೆರೆ, ಕೇತಮಾರನಹಳ್ಳಿಯಲ್ಲಿ ಹುಡುಕಬಹುದು.

---

ಎಂಟನೇಕ್ರಾಸ್:

ಎಲ್ಲರಿಗೂ ತುಂಬಾ ಧನ್ಯವಾದ. ಸರ್ವೆ ನಂಬರ್ ಇದೆ, ಗ್ರಾಮ ನಕಾಶೆಯೇ. ಸ್ಕ್ಯಾನ್ ಇನ್ನೂ ಆಗಿಲ್ಲ, ಆತುರಕ್ಕೆ ಫೋಟೋ ಹಾಕಿ ಕೂರಿಸಿ ನೋಡಿದೆವು. ಏರಿಯ ಹತ್ತಿರ ಸರಿ ಕೂರುತ್ತದೆ, ದಕ್ಷಿಣಕ್ಕೆ ಬರುತ್ತಾ ಬರುತ್ತಾ ಸರಿದು ಮಲ್ಲೇಶ್ವರ ಸರ್ಕಲ್ ಹತ್ತಿರ ಸುಮಾರು 40 ಮೀಟರ್ ಆಚೆ ಹೋಗುತ್ತದೆ. ಸರ್ವೆ ಆಫ್ ಇಂಡಿಯಾ ಹಾಳೆಯೂ ಒಂದಿದೆ, ಅದು ಒಟ್ಟಾರೆ ಒಂದೇ ದಿಕ್ಕಿಗೆ ನೂರಕ್ಕಿಂತ ಹೆಚ್ಚು ಮೀಟರ್ ಸರಿದಿದೆ. ಇದರಲ್ಲಿ ಮಲ್ಲೇಶ್ವರ ಅರ್ಧವೇ ಇದೆ!

---

ಹಿಸ್ಸಾ_ಪೋಡಿ:

ಮೂರೂ ಬೇರೆ ಬೇರೆ ರೋಗ.

ದೂರ ಹೋದಂತೆ ಹೆಚ್ಚುವ ತಪ್ಪು ಕಾಗದ ಕುಗ್ಗಿದ್ದರಿಂದ, ಇಲ್ಲವೇ ಫೋಟೋ ಓರೆಯಾಗಿ ತೆಗೆದಿದ್ದರಿಂದ. ಲೆಕ್ಕ ಹಾಕಿ: ಅರ್ಧ ಮೀಟರ್ ಉದ್ದದ ಹಾಳೆ ನೂರಕ್ಕೆ ಒಂದರಷ್ಟು ಕುಗ್ಗಿದರೆ 5 ಮಿ.ಮೀ. ಈ ಸ್ಕೇಲಿನಲ್ಲಿ 1 ಮಿ.ಮೀ. ಅಂದರೆ 7.92 ಮೀಟರ್. ಐದಕ್ಕೆ ಹತ್ತಿರ ಹತ್ತಿರ 40 ಮೀಟರ್, ನಿಮಗೆ ಬಂದಷ್ಟೇ. ಅಚ್ಚಾದ ಸ್ಕೇಲ್ ಪಟ್ಟಿ ಉಳಿದಿದ್ದರೆ ಅದನ್ನು ಉದ್ದಕ್ಕೂ, ಹಾಳೆಯ ಚೌಕಟ್ಟನ್ನು ಅಡ್ಡಕ್ಕೂ ಅಳೆಯಿರಿ. ಕಾಗದ ಎರಡು ದಿಕ್ಕಿಗೂ ಒಂದೇ ಸಮ ಕುಗ್ಗುವುದಿಲ್ಲ. ಬಿಂದುಗಳೆಲ್ಲ ಉತ್ತರದಲ್ಲೇ ಕೊಟ್ಟಿರುತ್ತೀರಿ ಅಂತಲೂ ಅನ್ನಿಸುತ್ತದೆ. ನಾಲ್ಕೂ ಮೂಲೆಗೆ ಹಂಚಿ. ಹಾಳೆ ಕೂರಿಸುವ ವಿಧಾನಗಳಲ್ಲಿ, ಫೋಟೋ ಆದರೆ ಪ್ರೊಜೆಕ್ಟಿವ್ ಆರಿಸಿ (ಕನಿಷ್ಠ ನಾಲ್ಕು ಬಿಂದು), ಸ್ಕ್ಯಾನ್ ಆದರೆ ಪಾಲಿನೋಮಿಯಲ್ 1 (ಕನಿಷ್ಠ ಮೂರು). ಥಿನ್ ಪ್ಲೇಟ್ ಸ್ಪ್ಲೈನ್ ಆರಿಸಿದರೆ ತಪ್ಪು ಸೊನ್ನೆ ತೋರಿಸುತ್ತದೆ, ಖುಷಿಯಾಗುತ್ತದೆ, ಆದರೆ ಅದು ಕೊಟ್ಟ ಬಿಂದುಗಳಿಗೆ ಹಾಳೆಯನ್ನು ರಬ್ಬರಿನ ಹಾಗೆ ಎಳೆದು ಕೂರಿಸಿದ್ದಷ್ಟೇ. ಒಂದು ಬಿಂದು ತಪ್ಪಿದ್ದರೂ ಗೊತ್ತಾಗುವುದಿಲ್ಲ.

ಒಂದೇ ದಿಕ್ಕಿಗೆ ಸಮನಾಗಿ ಸರಿದದ್ದು ಡೇಟಮ್ (ಅಕ್ಷಾಂಶ-ರೇಖಾಂಶದ ಲೆಕ್ಕಕ್ಕೆ ಹಿಡಿದ ಆಧಾರ) ಸಮಸ್ಯೆ. ಹಳೇ ಹಾಳೆಗಳು ಎವರೆಸ್ಟ್ ಗೋಳದ ಲೆಕ್ಕದವು, ಈಗಿನ ಉಪಗ್ರಹ ಚಿತ್ರ ಡಬ್ಲ್ಯೂಜಿಎಸ್ 84. ಹಾಳೆಯ ಅಂಚಿನ ಅಂಕಿಗಳನ್ನು ಹಾಗೇ ಬೆರಳಚ್ಚಿಸಿದರೆ ಬೆಂಗಳೂರಿನಲ್ಲಿ ನೂರು ಮೀಟರಿಗೂ ಮೀರಿ ಸರಿಯುತ್ತದೆ. ಮೊದಲು ಕಲ್ಯಾಣ್‌ಪುರ್ ಡೇಟಮ್ ಅಂತ ಹೇಳಿ ಕೂರಿಸಿ, ಆಮೇಲೆ ಬದಲಿಸಿ. ಗ್ರಾಮ ನಕಾಶೆಗೆ ಈ ತಾಪತ್ರಯ ಇಲ್ಲ, ಅದರಲ್ಲಿ ಅಕ್ಷಾಂಶವೇ ಇಲ್ಲವಲ್ಲ.

ಅರ್ಧವೇ ಇರುವುದು ನಿಮ್ಮ ಹಾಳೆಯ ತಪ್ಪಲ್ಲ. 13 ಡಿಗ್ರಿ ಅಕ್ಷಾಂಶ ಹೆಚ್ಚುಕಮ್ಮಿ ಮಲ್ಲೇಶ್ವರದ ನಡುವೆಯೇ ಹಾಯುತ್ತದೆ, ಹಾಳೆಗಳ ಗಡಿಯೂ ಅದೇ. ಮೇಲಿನ ಭಾಗ 57 ಜಿ/12, ಕೆಳಗಿನದು 57 ಎಚ್/9. ಎರಡೂ ಬೇಕು, ಎರಡೂ ಒಂದೇ ವರ್ಷದ ಮುದ್ರಣವಾಗಿರಬೇಕು. ಇಲ್ಲದಿದ್ದರೆ ಮಾರ್ಗೋಸಾ ರಸ್ತೆಯ ಒಂದು ಕಡೆ ತೋಪು, ಇನ್ನೊಂದು ಕಡೆ ಮನೆ ಅಂತ ಬರುತ್ತದೆ.

---

ಪತ್ರಾಗಾರ_ಮೂಲೆ ಉತ್ತರಿಸಿದ್ದು:

ತಡವಾಗಿ ಬಂದೆ. ವರ್ಷದ ಗೊಂದಲಕ್ಕೆ ಒಂದು ಮಾತು ಸೇರಿಸುತ್ತೇನೆ.

ಬಡಾವಣೆಗೆ ಹುಟ್ಟಿದ ದಿನ ಒಂದೇ ಇರುವುದಿಲ್ಲ. ಸರ್ಕಾರ ಮಂಜೂರು ಮಾಡಿದ್ದು ಒಂದು ದಿನ, ಜಮೀನು ವಶಕ್ಕೆ ಬಂದದ್ದು ಇನ್ನೊಂದು, ನಿವೇಶನ ಹಂಚಿದ್ದು ಮತ್ತೊಂದು, ಜನ ಬಂದು ಒಲೆ ಹಚ್ಚಿದ್ದು ಮಗದೊಂದು. 1889 ಅಂತ ಬರೆದವರು ಇವುಗಳಲ್ಲಿ ಯಾವುದನ್ನು ಹೇಳುತ್ತಿದ್ದಾರೆ ಅಂತ ಕೇಳಿ. ಕಡತ ತೋರಿಸದಿದ್ದರೆ ಅದನ್ನು ಅಚ್ಚು ಹಾಕಬೇಡಿ. ಪ್ಲೇಗಿನ ನಂತರ ಯೋಜಿಸಿ ಬೆಳೆದ ಬಡಾವಣೆ ಎಂಬ ಅರ್ಥದಲ್ಲಿ 1898 ಹಾಕಬಹುದು. 1669 ಗುಡಿಗೂ ಮಲ್ಲಪುರಕ್ಕೂ ಸೇರಿದ್ದು, ಬಡಾವಣೆಗಲ್ಲ.

ವಿಧಾನಸೌಧದ ರಾಜ್ಯ ಪತ್ರಾಗಾರದಲ್ಲಿ ಹುಡುಕುವಾಗ "ಮಲ್ಲೇಶ್ವರಂ" ಅಂತ ಮಾತ್ರ ಕೇಳಿದರೆ ಕೈಗೆ ಹೆಚ್ಚೇನೂ ಹತ್ತುವುದಿಲ್ಲ. ಮುನಿಸಿಪಲ್, ಪ್ಲೇಗ್, ಸ್ಯಾನಿಟೇಷನ್ ಶೀರ್ಷಿಕೆಗಳ ಸೂಚಿ ತೆಗೆಸಿ, ವರ್ಷಕ್ರಮವಾಗಿ ಓದಿ, ಇಂಗ್ಲಿಷಿನ ನಾಲ್ಕೈದು ಕಾಗುಣಿತವನ್ನೂ ನೋಡಿಕೊಳ್ಳಿ. ಜಮೀನು ಹೋದದ್ದಕ್ಕೆ 1894ರ ಮೈಸೂರು ಭೂಸ್ವಾಧೀನ ಕಾಯ್ದೆಯಡಿ ಗೆಜೆಟ್ಟಿನಲ್ಲಿ ಬಂದ ಪ್ರಕಟಣೆಗಳು ಮುಖ್ಯ. ಸಂಸ್ಥಾನದ ಆಡಳಿತ ವರದಿಗಳು ಜುಲೈಯಿಂದ ಜೂನ್ ಲೆಕ್ಕದವು: 1898ರ ಆಗಸ್ಟಿನ ಪ್ಲೇಗ್ 1898-99ರ ವರದಿಯಲ್ಲಿದೆ, 1899ರ ಮೇ ತಿಂಗಳದ್ದೂ ಅದರಲ್ಲೇ. ಇದನ್ನು ಮರೆತವರು ಘಟನೆಯನ್ನು ಒಂದು ವರ್ಷ ಹಿಂದೆ ಮುಂದೆ ಮಾಡಿಬಿಡುತ್ತಾರೆ.

ಫ್ರೇಜರ್ ಟೌನಿನ ಜತೆ ಹೋಲಿಸುವ ಯೋಚನೆ ಇದ್ದರೆ, ಅದರ ಕಡತ ಅದೇ ಕಪಾಟಿನಲ್ಲಿ ಸಿಗುತ್ತದೆ ಅಂದುಕೊಳ್ಳಬೇಡಿ. ದಂಡು ಪ್ರದೇಶ 1881ರಿಂದ 1947ರವರೆಗೆ ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲಿತ್ತು, ಮುನಿಸಿಪಾಲಿಟಿಯೇ ಬೇರೆ. ಎರಡೂ ಸೇರಿ ಕಾರ್ಪೊರೇಷನ್ ಆದದ್ದು 1949ರಲ್ಲಿ. ರೆಸಿಡೆನ್ಸಿಯ ಕಾಗದಗಳಿಗೆ ದೆಹಲಿಯ ರಾಷ್ಟ್ರೀಯ ಪತ್ರಾಗಾರಕ್ಕೆ ಹೋಗಬೇಕು. ಜಯನಗರ, ರಾಜಾಜಿನಗರದಂಥ ಆಮೇಲಿನ ಬಡಾವಣೆಗಳದ್ದು ಸುಲಭ: ಸಿಐಟಿಬಿ (ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್) 1945ರದು, ಅದರ ಕಾಯ್ದೆಯ 16 ಮತ್ತು 18ನೇ ಕಲಂ ಪ್ರಕಟಣೆಗಳಲ್ಲಿ ಗ್ರಾಮ, ಸರ್ವೆ ನಂಬರ್, ಖಾತೆದಾರ, ಎಕರೆ-ಗುಂಟೆ ಎಲ್ಲ ಸಾಲಾಗಿ ಇರುತ್ತವೆ. 1976ರ ನಂತರ ಬಿಡಿಎ, 17 ಮತ್ತು 19ನೇ ಕಲಂ.

ನೀರು_ದಾರಿ ಅವರು ಗಲ್ಲಿಯ ವಿಷಯದಲ್ಲಿ ಜಾತಿಯ ಮಾತು ಎತ್ತಿದ್ದು ಒಳ್ಳೆಯದಾಯಿತು. ನಿವೇಶನ ಹಂಚಿಕೆಯೇ ಜಾತಿ ನೋಡಿ ನಡೆಯಿತು, ಇಲ್ಲೂ ಬಸವನಗುಡಿಯಲ್ಲೂ ಬ್ಲಾಕುಗಳು ಇಂಥವರಿಗೆ ಇಂಥದ್ದು ಅಂತ ಹಂಚಿಕೆಯಾದವು. ಸ್ಮರಣ ಸಂಚಿಕೆಗಳಲ್ಲಿ ಸಂಪಿಗೆ ಮರಕ್ಕೆ ಎರಡು ಪುಟ ಸಿಗುತ್ತದೆ, ಇದಕ್ಕೆ ಎರಡು ಸಾಲೂ ಸಿಗುವುದಿಲ್ಲ. ನಿಮ್ಮ ನಾಲ್ಕು ಪುಟದಲ್ಲಿ ಜಾಗ ಮಾಡಿ.

---

ಎಂಟನೇಕ್ರಾಸ್:

ಖಂಡಿತ ಮಾಡುತ್ತೇವೆ. ಕೊನೆಯ ಪ್ರಶ್ನೆ: ಗಲ್ಲಿ ಮೊದಲಿನಿಂದ ಇತ್ತು ಎನ್ನುವುದಕ್ಕೆ ನಮ್ಮ ರಸ್ತೆಯ ಮಟ್ಟಿಗೆ ಕಾಗದದ ಪುರಾವೆ ಹೇಗೆ ತೋರಿಸುವುದು? ಕೆಲವರು "ಅದು ನಮ್ಮ ನಿವೇಶನದ್ದೇ" ಅನ್ನುತ್ತಿದ್ದಾರೆ.

---

ಹಿಸ್ಸಾ_ಪೋಡಿ:

ಕ್ರಯಪತ್ರದ ಷೆಡ್ಯೂಲ್ ನೋಡಿ. ಚಕ್ಕುಬಂದಿಯಲ್ಲಿ (ನಾಲ್ಕು ದಿಕ್ಕಿನ ಗಡಿ) ಹಿಂದಿನ ದಿಕ್ಕಿಗೆ "ಕನ್ಸರ್ವೆನ್ಸಿ ಗಲ್ಲಿ" ಅಂತ ಇದ್ದರೆ ಅದೇ ಪುರಾವೆ. ಈಚಿನ ಪತ್ರದಲ್ಲಿ ಪಕ್ಕದವರ ಸೈಟ್ ನಂಬರ್ ಹಾಕಿ ಗಲ್ಲಿಯನ್ನು ನುಂಗಿರಬಹುದು, ಆದ್ದರಿಂದ ಹಿಂದಕ್ಕೆ ಹೋಗಬೇಕು. ಆನ್‌ಲೈನಿನಲ್ಲಿ ಋಣಭಾರ ಪತ್ರ ಸಿಗುವುದು 2004ರಿಂದ ಈಚೆಗೆ. ಅದಕ್ಕೂ ಹಳೆಯದಕ್ಕೆ ಉಪನೋಂದಣಿ ಕಚೇರಿಯಲ್ಲಿ ಅರ್ಜಿ ಕೊಟ್ಟು ಕೈಬರಹದ ಸೂಚಿಯಿಂದ ಹುಡುಕಿಸಿ. ವ್ಯವಹಾರ ಇದ್ದರೆ ಫಾರಂ 15 ಬರುತ್ತದೆ, ಇಲ್ಲದಿದ್ದರೆ 16. ಹದಿನೈದರಲ್ಲಿ ಸಿಕ್ಕ ದಸ್ತಾವೇಜು ನಂಬರ್, ಪುಸ್ತಕ, ಸಂಪುಟ, ಪುಟ ಕೊಟ್ಟು ಆ ಪತ್ರದ ದೃಢೀಕೃತ ನಕಲು ತೆಗೆದುಕೊಳ್ಳಿ. ಮನೆ ನಂಬರು, ರಸ್ತೆ ಹೆಸರು ಬದಲಾಗಿರುತ್ತವೆ, ಹಾಗಾಗಿ ಈಗಿನ ವಿಳಾಸ ಕೊಟ್ಟು "ಏನೂ ಇಲ್ಲ" ಅಂತ 16 ಬಂದರೆ ನಂಬಬೇಡಿ. ಹಳೇ ನಂಬರ್ ಕೊಟ್ಟು ಇನ್ನೊಮ್ಮೆ ಹಾಕಿ.

ಅಳತೆಯನ್ನೂ ಲೆಕ್ಕ ಹಾಕಿ ನೋಡಿ. ಒಂದೇ ಸಾಲಿನ ಹಳೇ ಪತ್ರಗಳಲ್ಲಿ ಉದ್ದ ಎಷ್ಟಿದೆ, ಬೆನ್ನಿಗೆ ಬೆನ್ನು ಇರುವ ಎದುರು ಸಾಲಿನದು ಎಷ್ಟಿದೆ, ಎರಡನ್ನೂ ಕೂಡಿ. ಎರಡು ಕ್ರಾಸ್ ರಸ್ತೆಗಳ ಅಂಚಿನಿಂದ ಅಂಚಿಗೆ ಟೇಪ್ ಹಿಡಿದು ಬಂದ ಅಳತೆಯಿಂದ ಅದನ್ನು ಕಳೆಯಿರಿ. ಉಳಿದದ್ದು ಗಲ್ಲಿ. ಟೇಪ್ ಹಿಡಿಯುವಾಗ ಈಗಿನ ಕಾಂಪೌಂಡಿನಿಂದ ಶುರು ಮಾಡಬೇಡಿ, ಅದು ಎಷ್ಟೋ ಕಡೆ ಚರಂಡಿಯ ಮೇಲೆ ಬಂದಿರುತ್ತದೆ. ಹಳೇ ಚಪ್ಪಡಿ ಕಲ್ಲಿನ ಚರಂಡಿಯ ಒಳ ಅಂಚು ಎಲ್ಲಾದರೂ ಉಳಿದಿದ್ದರೆ ಅಲ್ಲಿಂದ ಹಿಡಿಯಿರಿ.